ಹೊಸ ವ್ಯಾಗನ್ನಿಗೆ ಹಳೆಯ ತುಕ್ಕು

ಕನ್ನಡಕದ ಮೇಲೊಂದು ಭೂತಗನ್ನಡಿ ಹಿಡಿದು, ಬೆರಳುದ್ದದ ಗೂಡ್ಸ್ ವ್ಯಾಗನ್ನಿಗೆ ಎಷ್ಟು ರಿವೆಟ್ ಇವೆ ಎಂದು ಎಣಿಸುವ ದೊಡ್ಡ ಮನುಷ್ಯರನ್ನು ನೋಡಬೇಕೇ? ಬ್ರಿಟನ್ನಿನ ಮಾಡೆಲ್ ರೈಲಿನವರ ನಡುವೆ ಒಂದು ಸುತ್ತು ಹೋಗಿಬನ್ನಿ. ಅವರೆದುರು ‘ಆಟಿಕೆ’ ಅಂದೀರಿ ಮತ್ತೆ! ಇಂಥವರನ್ನು ಅಲ್ಲಿ ‘ರಿವೆಟ್ ಕೌಂಟರ್’ ಅನ್ನುತ್ತಾರೆ. ಕೆಲವರಿಗೆ ಅದು ಬೈಗುಳ, ಕೆಲವರಿಗೆ ಬಿರುದು.

ಎಣಿಸುವುದು ರಾಣಿಯ ಸಲೂನ್ ಬೋಗಿಯ ರಿವೆಟ್ಟನ್ನಲ್ಲ ಸ್ವಾಮಿ, 16 ಟನ್ನಿನ ಮಿನರಲ್ ವ್ಯಾಗನ್ನಿನದು. ಅಂದರೆ ಕಲ್ಲಿದ್ದಲು ಸುರಿಯುವ ಉಕ್ಕಿನ ತೊಟ್ಟಿ, ಕೆಳಗೆ ನಾಲ್ಕು ಚಕ್ರ. 1948ರಲ್ಲಿ ರೈಲ್ವೆ ಸರ್ಕಾರದ್ದಾದ ಮೇಲೆ ಇಂಥವು ಲಕ್ಷಗಟ್ಟಲೆ ಓಡಿದವು. ಬಹಳಷ್ಟಕ್ಕೆ ಎಂಜಿನ್ನಿನಿಂದ ಹಿಡಿಯುವ ಬ್ರೇಕೇ ಇರಲಿಲ್ಲ. ಕಡಿದಾದ ಇಳಿಜಾರು ಬಂದರೆ ರೈಲು ನಿಲ್ಲಿಸಿ, ಪಕ್ಕದಲ್ಲಿ ನಡೆಯುತ್ತ ಒಂದೊಂದು ವ್ಯಾಗನ್ನಿನ ಬ್ರೇಕ್ ಲಿವರನ್ನೂ ಕೋಲಿನಿಂದ ಒತ್ತಿ ಕಚ್ಚಿಸಬೇಕಿತ್ತು. ಮೈಮೇಲೊಂದು ಓರೆ ಬಿಳಿ ಪಟ್ಟೆ. ಅದು ಅಲಂಕಾರವಲ್ಲ, ಅದರ ಮೇಲ್ತುದಿ ಯಾವ ಕಡೆಗಿದೆಯೋ ಆ ಕಡೆಯ ಗೋಡೆ ಬಾಗಿಲಿನಂತೆ ತೆರೆಯುತ್ತದೆ. ಬಂದರಿನಲ್ಲಿ ವ್ಯಾಗನ್ನನ್ನೇ ಎತ್ತಿ ಓರೆ ಮಾಡಿ ಕಲ್ಲಿದ್ದಲು ಸುರಿಯುವವರಿಗೆ ಅದು ಗುರುತು. ಮಾಡೆಲ್ಲಿನಲ್ಲಿ ಈ ಪಟ್ಟೆ ತಿರುಗುಮುರುಗಾಯಿತೋ, ತಯಾರಕನ ಗತಿ ದೇವರಿಗೇ ಪ್ರೀತಿ. ವೆಲ್ಡ್ ಮಾಡಿದ ಮೈಗೆ ರಿವೆಟ್ ಮೈಯ ನಂಬರ್ ಬರೆದರಂತೂ ವಾರಗಟ್ಟಲೆ ಜಗಳ.

ಇಷ್ಟು ಕಟ್ಟುನಿಟ್ಟಿನ ಜನ, ಆ ವ್ಯಾಗನ್ ನಿಂತಿರುವ ಹಳಿಯನ್ನು ಮಾತ್ರ ನೋಡುವುದಿಲ್ಲ! ಅಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಓಓ’ ಅಳತೆಯಲ್ಲಿ ಒಂದು ಅಡಿಗೆ 4 ಮಿಲಿಮೀಟರ್ ಲೆಕ್ಕ. ಆ ಲೆಕ್ಕಕ್ಕೆ ಹಳಿಗಳ ನಡುವೆ 18.83 ಮಿ.ಮೀ. ಇರಬೇಕು, ಇರುವುದು 16.5. ಬ್ರಿಟನ್ನಿನ ಎಂಜಿನ್ನುಗಳು ಮೊದಲೇ ಸಪೂರ. ಅವನ್ನು ಹಳಿಗೆ ಸರಿಯಾಗಿ ಕುಗ್ಗಿಸಿದರೆ ಅಂದಿನ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ಮೈಯನ್ನು ಹಿಗ್ಗಿಸಿದರು, ಹಳಿಯನ್ನು ಹಾಗೇ ಬಿಟ್ಟರು. ಜಾತಕದ ಗುಣಗಳನ್ನೆಲ್ಲ ಕೂಡಿಸಿ ನೋಡಿ, ಹುಡುಗನಿಗೆ ಕೆಲಸವಿದೆಯೇ ಎಂದು ಕೇಳದೆ ತಾಂಬೂಲ ಬದಲಾಯಿಸಿಕೊಂಡ ಬೀಗರ ಹಾಗಾಯಿತು. 18.83ನ್ನೇ ಹಿಡಿದು ಹಳಿಯನ್ನು ಕೈಯಾರೆ ಜೋಡಿಸಿಕೊಳ್ಳುವ ಹಟಮಾರಿಗಳೂ ಇದ್ದಾರೆ. ಅವರನ್ನು ಕಂಡರೆ ರಿವೆಟ್ ಎಣಿಸುವವರಿಗೇ ಸ್ವಲ್ಪ ಭಯ.

ಇನ್ನು ಕೊಳೆಯ ಕಥೆ. ದುಡ್ಡು ಕೊಟ್ಟು ಥಳಥಳಿಸುವ ವ್ಯಾಗನ್ ತಂದವರು ಮೊದಲು ಮಾಡುವ ಕೆಲಸ ಅದನ್ನು ಹಾಳು ಮಾಡುವುದು. ತುಕ್ಕಿನ ಬಣ್ಣ ಬಳಿದು, ಮೇಲೆ ಉಪ್ಪಿನ ಕಾಳು ಅಂಟಿಸಿ, ಅದರ ಮೇಲೆ ಬೂದು ಬಣ್ಣ ಹೊಡೆದು, ಆಮೇಲೆ ಉಪ್ಪನ್ನು ಉಜ್ಜಿ ಉದುರಿಸುತ್ತಾರೆ. ಬಣ್ಣ ಚಕ್ಕೆಯೆದ್ದ ತುಕ್ಕು ಸಿದ್ಧ! ಅದೂ ಮನಸ್ಸಿಗೆ ಬಂದ ಹಾಗಲ್ಲ, ಹಳೆಯ ಫೋಟೊ ಎದುರಿಗಿಟ್ಟುಕೊಂಡು. ಕೈ ಕುದುರಿದವರ ಕೊಳೆಗೆ ಬೆಲೆಯೂ ಹೆಚ್ಚು.

ತುಂಬುವುದಕ್ಕೆ ಕಪ್ಪು ಪ್ಲಾಸ್ಟಿಕ್ಕೇ? ಛೆ ಛೆ! ನಿಜವಾದ ಕಲ್ಲಿದ್ದಲನ್ನೇ ಕುಟ್ಟಿ, ಜರಡಿ ಹಿಡಿದು, ಗೋಂದು ಹಾಕಿ ಕೂರಿಸಬೇಕು. ಕಲ್ಲಿದ್ದಲು ಸುಡುವ ಬ್ರಿಟನ್ನಿನ ಕೊನೆಯ ವಿದ್ಯುತ್ ಸ್ಥಾವರಕ್ಕೆ 2024ರ ಸೆಪ್ಟೆಂಬರಿನಲ್ಲಿ ಬೀಗ ಬಿತ್ತು. ಇವರ ಮೇಜಿನ ಮೇಲೆ ಮಾತ್ರ ಬೇಡಿಕೆ ತಗ್ಗಿಲ್ಲ, ವ್ಯಾಗನ್ನಿಗೆ ಎರಡು ಚಮಚ.