ಹೈಚೇರಪ್ಪ

ಕಲಬುರಗಿ ಸೀಮೆಯಲ್ಲಿ ಅಪ್ಪಗಳಿಗೆ ಬರವಿಲ್ಲ. ಶರಣಪ್ಪ, ಧೂಳಪ್ಪ, ಮಲ್ಲಪ್ಪ, ಸಿದ್ದಪ್ಪ ಎಲ್ಲರೂ ಇದ್ದಾರೆ. ಈಚೆಗೆ ಆ ಪಟ್ಟಿಗೆ ಹೈಚೇರಪ್ಪನೂ ಸೇರಿದ್ದಾನೆ. ಹುಟ್ಟಿದ್ದು ಜೇವರ್ಗಿ, ಹೆಂಡತಿ ಆಳಂದದವಳು, ಅಕ್ಕನನ್ನು ಕೊಟ್ಟದ್ದು ಅಫಜಲಪುರಕ್ಕೆ. ಇಂಜಿನಿಯರಿಂಗ್ ಓದಿದ್ದು ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ, ಸದ್ಯ ಇರುವುದು ಟೆಕ್ಸಾಸಿನ ಡಲ್ಲಾಸ್ ಮಗ್ಗುಲಿನ ಅರ್ವಿಂಗ್‌ನಲ್ಲಿ. ಎರಡು ಮಕ್ಕಳು, ಒಂದಕ್ಕೆ ನಾಲ್ಕು ವರ್ಷ, ಇನ್ನೊಂದಕ್ಕೆ ಒಂದೂವರೆ. ಯಾವ ಹೋಟೆಲಿಗೆ ಕಾಲಿಟ್ಟರೂ ನಮಸ್ಕಾರಕ್ಕಿಂತ ಮೊದಲು ಅವನ ಬಾಯಿಂದ ಹೊರಡುವ ಮಾತು, ‘ಹೈಚೇರ್ ಇದೆಯಾ?’ ಹೈಚೇರ್ ಎಂದರೆ ಕೂಸು ಕೂಡಿಸುವ ಎತ್ತರದ ಕುರ್ಚಿ. ಅವನಂಥವರು ಈಗ ಒಬ್ಬರಲ್ಲ, ಊರಿಗೆ ಹತ್ತು ಜನ ಸಿಗುತ್ತಾರೆ. ನಾನು ಹೇಳುತ್ತಿರುವುದು ಅಷ್ಟೂ ಜನರ ಕಥೆ.

ಹೈಚೇರಪ್ಪನ ಅಪ್ಪನ ಕಾಲದಲ್ಲಿ ಹೋಟೆಲಿಗೆ ಹೋಗುವುದು ಎಂಬ ಬೇರೆ ಕಾರ್ಯಕ್ರಮವೇ ಇರಲಿಲ್ಲ. ಕೋರ್ಟಿನ ತಾರೀಕು, ದವಾಖಾನೆ, ಬೀಜ-ಗೊಬ್ಬರ ಅಂತ ಅಪ್ಪ ಕಲಬುರಗಿಗೆ ಹೊರಟಾಗ ಹಟ ಹಿಡಿದು ಬೆನ್ನು ಹತ್ತಿದರೆ, ಸಂಜೆ ಬಸ್‌ಸ್ಟ್ಯಾಂಡ್ ಬದಿಯಲ್ಲಿ ಒಂದು ಪ್ಲೇಟು ಪೂರಿ ಸಿಗುತ್ತಿತ್ತು. ಮಗ ತಿನ್ನುವುದನ್ನು ನೋಡುತ್ತ ಅಪ್ಪ ಬಸಿಗೆ ಚಹಾ ಸುರಿದುಕೊಂಡು ಕೂಡುತ್ತಿದ್ದ. ಮಗ ಬಿಟ್ಟದ್ದು ಅಪ್ಪನಿಗೆ ಎಂಬುದು ಒಪ್ಪಂದ, ಮಗ ಬಿಡುತ್ತಿರಲಿಲ್ಲ. ‘ಒಂದೇ ಒಂದು ತುತ್ತು’ ಎಂದು ಗೋಗರೆಯುವ ಕೆಲಸ ಆ ಅಪ್ಪನಿಗೆ ಗೊತ್ತೇ ಇರಲಿಲ್ಲ.

ಈಗ ಅರ್ವಿಂಗಿನ ಶನಿವಾರ ನೋಡಿ. ರಾತ್ರಿಯೂಟಕ್ಕೆ ಹೈಚೇರಪ್ಪ ಸಂಜೆ ಐದಕ್ಕೇ ಹಾಜರು. ಕಾಯುವುದಿಲ್ಲ ಎಂಬುದು ಹೇಳಿಕೊಳ್ಳುವ ಕಾರಣ, ನೋಡುವವರು ಕಡಿಮೆ ಎಂಬುದು ಅಸಲು ಕಾರಣ. ಹೆಗಲಿಗೊಂದು ಚೀಲ. ಅದರಲ್ಲಿ ಡೈಪರ್, ಒದ್ದೆ ಒರೆಸು ಕಾಗದ, ಬಿದ್ದರೂ ಚೆಲ್ಲದ ಲೋಟ, ಚಾರ್ಜು ತುಂಬಿದ ಟ್ಯಾಬ್, ಸ್ಟೀಲ್ ಡಬ್ಬಿಯಲ್ಲಿ ಮೊಸರನ್ನ. ತಳದಲ್ಲಿ, ಯಾರಿಗೂ ಕಾಣದಂತೆ, ಶೇಂಗಾ ಹಿಂಡಿಯ ಪೊಟ್ಟಣ. ಹೋಟೆಲಿಗೆ ಊಟ ಕಟ್ಟಿಕೊಂಡು ಹೋಗುವ ಗಿರಾಕಿ ಪ್ರಪಂಚದಲ್ಲಿ ಇವನೊಬ್ಬನೇ.

ಅವನಿಗೆ ಒಲಿದು ಬಂದಿರುವುದು ಮೆಕ್ಸಿಕನ್ ಹೋಟೆಲು. ಟಾರ್ಟಿಯಾ ಎಂದರೆ ಮೆಕ್ಕೆಜೋಳದ ರೊಟ್ಟಿ, ಸಾಲ್ಸಾ ಎಂದರೆ ಟೊಮ್ಯಾಟೊ ಚಟ್ನಿ, ಜೊತೆಗೆ ಬೇಯಿಸಿದ ಕಾಳು. ನಮ್ಮ ಖಾನಾವಳಿಗೆ ಒಂದು ಸಮುದ್ರ ಅಡ್ಡ ಇಟ್ಟಂತೆ. ಟೆಕ್ಸಾಸಿನ ಇಂಥ ಹೋಟೆಲುಗಳಲ್ಲಿ ಕೂತ ಕೂಡಲೇ ಒಂದು ಬುಟ್ಟಿ ಚಿಪ್ಸು, ಬಟ್ಟಲು ಸಾಲ್ಸಾ ಬಹುತೇಕ ಪುಕ್ಕಟೆ ಬರುತ್ತದೆ. ಇಲ್ಲೇ ಎಡವಟ್ಟು. ಪುಕ್ಕಟೆಯ ಚಿಪ್ಸಿನಲ್ಲಿ ಮಕ್ಕಳ ಹೊಟ್ಟೆ ತುಂಬುತ್ತದೆ, ರೊಕ್ಕ ಕೊಟ್ಟು ತರಿಸಿದ್ದು ಬರುವಷ್ಟರಲ್ಲಿ ದೊಡ್ಡವನು ಟೇಬಲ್ಲಿನ ಕೆಳಗೆ, ಸಣ್ಣದು ಹೈಚೇರಿನ ಮೇಲೆ ನಿಂತು ಪಕ್ಕದ ಟೇಬಲ್ಲಿನವರಿಗೆ ಅನ್ನ ಎಸೆಯುತ್ತಿರುತ್ತದೆ.

“ರೀ, ಇದಕ್ಕ ಹಿಡೀರಿ, ನಾ ಎರಡು ತುತ್ತು ತಿಂತಿನಿ.”

ಹೈಚೇರಪ್ಪ ಎತ್ತಿಕೊಂಡು ಹೊರಗೆ ಕಾರುಗಳ ನಡುವೆ ಸುತ್ತುತ್ತಾನೆ. ತನ್ನ ಪಾಳಿ ಬಂದಾಗ ತಟ್ಟೆ ತಣ್ಣಗೆ. ಗಂಡ-ಹೆಂಡತಿ ಎದುರಾಬದುರು ಕೂತು ಉಂಡದ್ದು ಮೊದಲ ಮಗು ಹುಟ್ಟುವುದಕ್ಕೆ ಮುಂಚೆ. ಆಮೇಲೆ ಇಬ್ಬರೂ ಬಗ್ಗಿ ನೆಲದ ಮೇಲಿನ ಅನ್ನದ ಅಗುಳು ಆರಿಸುತ್ತಾರೆ. ಬಡಿಸುವ ಹುಡುಗಿ ‘ಇರಲಿ ಬಿಡಿ’ ಎಂದಷ್ಟೂ ಅಗುಳು ಹೆಚ್ಚು ಸಿಗುತ್ತವೆ. ಕೊನೆಗೆ ನೂರಕ್ಕೆ ಇಪ್ಪತ್ತು ಟಿಪ್ಪು, ಅದರ ಮೇಲೆ ನಾಚಿಕೆಯ ಬಾಬ್ತು ಇನ್ನೈದು.

ಅಮೆರಿಕದವರು ಹುಟ್ಟಾ ಮಕ್ಕಳಪ್ರಿಯರು ಎಂದು ಹೈಚೇರಪ್ಪ ನಂಬಿದ್ದಾನೆ. ಮಕ್ಕಳಿಗೇ ಬೇರೆ ಮೆನು, ಬಣ್ಣದ ಕಡ್ಡಿ, ಚಿತ್ರದ ಕಾಗದ ಕೊಡುತ್ತಾರಲ್ಲ! ಆದರೆ ಅಲ್ಲಿಯ ಹೋಟೆಲುಗಳು ಮಕ್ಕಳ ಮೆನು ಅಚ್ಚು ಹಾಕಿಸತೊಡಗಿದ್ದು 1920ರ ದಶಕದಲ್ಲಿ, ಪಾನನಿಷೇಧ ಬಂದು ಶೀಸೆಯ ಆದಾಯ ನಿಂತ ಮೇಲೆ. ಕುಡಿಯುವವರು ಖಾಲಿ ಮಾಡಿದ ಕುರ್ಚಿಯಲ್ಲಿ ಕೂಸುಗಳನ್ನು ಕೂಡಿಸಿದರು. 1933ರಲ್ಲಿ ಶೀಸೆ ಮರಳಿ ಬಂತು, ಕೂಸು ಮಾತ್ರ ಕುರ್ಚಿ ಬಿಡಲಿಲ್ಲ.

ಅಲ್ಲಿ ಅವನಿಗೆ ಬಿಳಿಯರ ಕಣ್ಣಿನ ಭಯ, ಇಲ್ಲಿ ಅವ್ವನ ಕಣ್ಣಿನ ಭಯ. ವಿಡಿಯೋ ಕಾಲಿನಲ್ಲಿ ಅವ್ವ ಹವಾಮಾನ ಕೇಳುವುದಿಲ್ಲ, ಸಂಬಳ ಕೇಳುವುದಿಲ್ಲ. “ಕೂಸು ಏನ್ ಉಂಡದ?” ಅಂತ ಒಂದೇ ಪ್ರಶ್ನೆ. ಆಲೂಗಡ್ಡೆ ಕರಿದದ್ದು ಎಂದು ಹೇಳುವ ಧೈರ್ಯ ಯಾರಿಗಿದೆ? “ರೊಟ್ಟಿ-ಬ್ಯಾಳಿ ಯವ್ವಾ” ಎಂದು ಹೈಚೇರಪ್ಪ ಕ್ಯಾಮೆರಾ ಛಾವಣಿಗೆ ತಿರುಗಿಸುತ್ತಾನೆ.

ಡಿಸೆಂಬರಿನಲ್ಲಿ ಊರಿಗೆ ಬಂದ. 2019ರಲ್ಲಿ ಶುರುವಾದ ಕಲಬುರಗಿ ವಿಮಾನ ನಿಲ್ದಾಣದ ಬಗ್ಗೆ ಒಂದು ತಾಸು ಟೀಕೆ ಮಾಡಿ, ಮರುದಿನ ಸಂಸಾರ ಸಮೇತ ಗಾಣಗಾಪುರಕ್ಕೆ ಹೋದ. ಭೀಮಾ-ಅಮರ್ಜಾ ಸಂಗಮ ಆಯಿತು, ದತ್ತನ ದರ್ಶನ ಆಯಿತು. ಮಧ್ಯಾಹ್ನ ಜನ ಜೋಳಿಗೆ ಹಿಡಿದು ಮಧುಕರಿ ಬೇಡುವುದು ಅಲ್ಲಿಯ ಪದ್ಧತಿ. ದತ್ತನೇ ಯಾವುದೋ ರೂಪದಲ್ಲಿ ಭಿಕ್ಷೆಗೆ ಬರುತ್ತಾನೆಂದು ನಂಬಿಕೆ. ದೊಡ್ಡವನು ಇದನ್ನೆಲ್ಲ ನೋಡಿ, ನಗೆಟ್ಸ್ ಯಾವ ಮನೆಯಲ್ಲಿ ಕೊಡುತ್ತಾರೆಂದು ಕೇಳಿದ.

ಹಸಿವೆಯಾಗಿ ಅಫಜಲಪುರದ ಒಂದು ಖಾನಾವಳಿಗೆ ಬಂದರು. ಜೊತೆಗೆ ಅಕ್ಕ. ಹೈಚೇರಪ್ಪ ರೂಢಿಯ ಪ್ರಶ್ನೆ ಒಗೆದ. ಮಾಲಕ ಸುತ್ತ ನೋಡಿ, ತಾನು ಕೂತಿದ್ದ ಗಲ್ಲಾದ ಕುರ್ಚಿಯನ್ನೇ ಖಾಲಿ ಮಾಡಿದ.

“ನಮ್ಮಲ್ಲಿ ಇದಕ್ಕಿಂತ ಹೈ ಕುರ್ಚಿ ಇಲ್ರೀ ಸಾಹೇಬ್ರ.”

ಸಣ್ಣದು ಗಲ್ಲಾದ ಮೇಲೆ ಕೂತಿತು. ಉಂಡವರು ಅದರ ಕೈಗೇ ರೊಕ್ಕ ಕೊಟ್ಟು ಹೋಗತೊಡಗಿದರು, ಅದು ಯಾರಿಗೂ ಚಿಲ್ಲರೆ ವಾಪಸು ಕೊಡಲಿಲ್ಲ. ಇತ್ತ ಹೈಚೇರಪ್ಪ ಸ್ಯಾನಿಟೈಸರ್ ತೆಗೆದು ಟೇಬಲ್ಲಿಗೆ ಸಿಂಪಡಿಸಿದ. “ಏನ್ರೀ ಅತ್ತರಾ?” ಎಂದು ಪಕ್ಕದ ಹಿರಿಯರು ತಮ್ಮ ಅಂಗೈಯನ್ನೂ ಮುಂದೆ ಚಾಚಿದರು. ಬಿಸಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ ಬಂತು.

“ಇದು ಖಾರ ಇರ್ತದೇನ್ರೀ?”

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಜೇವರ್ಗಿಯವನು ಅಫಜಲಪುರದಲ್ಲಿ ಕೂತು ಕೇಳುವ ಮಾತೇ ಇದು? ಅಕ್ಕ ತಡೆಯದೆ ಅಂದಳು: “ತಮ್ಮಾ, ನೀ ಇಷ್ಟ್ ಇದ್ದಾಗ ಹಸಿಮೆಣಸಿನಕಾಯಿ ಕಡಕೋತ ರೊಟ್ಟಿ ತಿಂತಿದ್ದಿ.”

ಇನ್ನು ದೊಡ್ಡ ಮಗ ರೊಟ್ಟಿಗೆ ಮನಸೋತ, ಮೂಲದ ರುಚಿ ಕಂಡ ಎಂದೆಲ್ಲ ನಾನು ಬರೆದರೆ ನಿಮಗೂ ಖುಷಿ. ಹಾಗೇನೂ ಆಗಲಿಲ್ಲ. ಕೆಚಪ್ ಬೇಕೆಂದು ರಂಪ ಮಾಡಿದ, ಹುಡುಗನೊಬ್ಬ ಕಿರಾಣಿ ಅಂಗಡಿಗೆ ಓಡಿ ಪುಡಿಕೆ ಸಾಸ್ ತಂದ, ಅದೂ ಬೇಡವಾಯಿತು. ಕೊನೆಗೆ ಪಾರ್ಲೆ-ಜಿ ಪುಡಾ ಒಡೆದು, ಅತ್ತೆಯ ಚಹಾದಲ್ಲಿ ಅದ್ದಿ ಅದ್ದಿ ಪೂರ್ತಿ ಮುಗಿಸಿದ. ಹೈಚೇರಪ್ಪ ಮಾತ್ರ ಬಹಳ ದಿನಗಳ ಮೇಲೆ ಕೂತಲ್ಲಿಂದ ಏಳದೆ, ಮೂಗು-ಕಣ್ಣಲ್ಲಿ ನೀರು ಸುರಿಸಿಕೊಂಡು, ನಾಲ್ಕು ರೊಟ್ಟಿ ಉಂಡ.

ಬಿಲ್ಲಿನಲ್ಲಿ ಮಕ್ಕಳ ಲೆಕ್ಕವೇ ಇರಲಿಲ್ಲ. ಕೇಳಿದ್ದಕ್ಕೆ ಮಾಲಕ “ಕೂಸುಗೊಳಿಗಿ ಏನ್ ರೊಕ್ಕ ತಗೋಬೇಕ್ರೀ” ಅಂದ. ಹೈಚೇರಪ್ಪ ಡಲ್ಲಾಸಿಗೆ ಒಯ್ಯಲು ಐವತ್ತು ಖಡಕ್ ರೊಟ್ಟಿ ಕಟ್ಟಿಸಿದ.

“ಅಲ್ಲಿ ಹುಡುಗ್ರು ಇವು ತಿಂತಾವೇನ್ರೀ?”

“ಅವರಿಗಲ್ಲ, ನನಗ. ಹೋಟೆಲ್‌ಗಿ ಹೋಗೋ ಮುಂದ ಕಾರಿನಾಗ ಕೂತು ಎರಡು ತಿಂದೇ ಒಳಗ ಹೋಗಬೇಕ್ರೀ. ಒಳಗ ಊಟ ಸಿಗಂಗಿಲ್ಲ.”