ದೇಶಪಾಂಡೆಯವರ ಕಾರಿನ ಹವಾಮಾನ

ಬೆಂಗಳೂರಿನ ಪ್ರತಿ ಆಫೀಸಿನಲ್ಲೂ ಧಾರವಾಡದವರೊಬ್ಬರು ಇದ್ದೇ ಇರುತ್ತಾರೆ. ನಿಮ್ಮಲ್ಲಿ ಅವರು ಪಾಟೀಲರಾಗಿರಬಹುದು, ಹಿರೇಮಠರಾಗಿರಬಹುದು; ನಮ್ಮಲ್ಲಿರುವವರನ್ನು ದೇಶಪಾಂಡೆಯವರು ಎನ್ನೋಣ. ಬಡ್ತಿಯ ಮೇಲೆ ಬಂದವರು. ‘ಎರಡು ವರ್ಷ ಅಷ್ಟ’ ಎಂದು ಹೇಳಿಯೇ ಬಂದವರು. ಆ ಎರಡು ವರ್ಷ ತುಂಬುವುದರೊಳಗೆ ಮಗಳಿಗೆ ಶಾಲೆ, ಜೆ.ಪಿ. ನಗರದಲ್ಲಿ ಫ್ಲ್ಯಾಟು, ಫ್ಲ್ಯಾಟಿನ ಬೆನ್ನಿಗೆ ಸಾಲ ಎಲ್ಲವೂ ಆದವು. ಮಗಳೀಗ ಎಂಜಿನಿಯರಿಂಗ್ ಕೊನೆಯ ವರ್ಷ. ಇಷ್ಟಾದರೂ ಯಾರಾದರೂ ‘ಬೆಂಗಳೂರಿನವರಾ ಸಾರ್?’ ಎಂದರೆ ಅವರು ಬೆಚ್ಚಿಬೀಳುತ್ತಾರೆ. ‘ಇಲ್ರಿ, ಸದ್ಯಕ್ಕ ಇಲ್ಲಿದ್ದೀವಿ’ ಎನ್ನುತ್ತಾರೆ.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಹವಾಮಾನದ ಚರ್ಚೆ ನಡೆಯುತ್ತದೆ. ವಾದಿಗಳು ಮೂವರು. ಮಲ್ಲೇಶ್ವರದ ಹಿರಿಯರೊಬ್ಬರದು ಒಂದೇ ಮಾತು: ‘ನಮ್ಮ ಕಾಲದಲ್ಲಿ ಬೆಂಗಳೂರಿಗೆ ಫ್ಯಾನೇ ಇರಲಿಲ್ಲ ಕಣ್ರೀ.’ 1884ರ ಜನವರಿಯಲ್ಲಿ ಇಲ್ಲಿ ತಾಪಮಾನ 7.8 ಡಿಗ್ರಿಗೆ ಇಳಿದಿತ್ತೆನ್ನುವ ದಾಖಲೆಯನ್ನು ಅವರು ಅಂದು ತಾವೇ ಸ್ವೆಟರ್ ಹಾಕಿಕೊಂಡು ಹಾಲು ತರಲು ಹೋಗಿದ್ದವರ ಹಾಗೆ ವರ್ಣಿಸುತ್ತಾರೆ. ಎರಡನೆಯವಳು ಡೇಟಾ ವಿಭಾಗದ ಹುಡುಗಿ. ಅವಳ ಮೊಬೈಲಿನಲ್ಲಿ ಗ್ರಾಫುಗಳಿವೆ. 2016ರ ಏಪ್ರಿಲಿನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿದ್ದನ್ನೂ, ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳೆಯಲು ಶುರು ಮಾಡಿದಾಗ ಹತ್ತು ಲಕ್ಷಕ್ಕೆ ಸುಮಾರು 315 ಭಾಗವಿದ್ದ ಇಂಗಾಲದ ಡೈಆಕ್ಸೈಡು ಈಗ 420 ದಾಟಿರುವುದನ್ನೂ ಮೊಸರನ್ನ ಆರುವುದರೊಳಗೆ ತೋರಿಸಿ ಮುಗಿಸುತ್ತಾಳೆ.

ದೇಶಪಾಂಡೆಯವರು ಎಲ್ಲವನ್ನೂ ಒಪ್ಪುತ್ತಾರೆ. ಭೂಮಿ ಬಿಸಿಯಾಗುತ್ತಿದೆ, ಮನುಷ್ಯನೇ ಕಾರಣ, ಅನುಮಾನವಿಲ್ಲ. ಆದರೆ ಧಾರವಾಡದ ಪಾಲಿಗೆ ಮಾತ್ರ ಅವರು ಸ್ವಲ್ಪ ವಿನಾಯಿತಿ ಕೇಳುತ್ತಾರೆ.

‘ಅಲ್ಲೂ ಬಿಸಿಲು ಜಾಸ್ತಿಯಾಗಿದೆಯಂತಲ್ಲ ಸರ್?’ ಎಂದಳು ಹುಡುಗಿ.

‘ಅದು ಝಳ ಅಲ್ಲವಾ, ಹುಬ್ಬಳ್ಳಿ ಕಡಿಂದ ಬರೋ ಗಾಳಿ.’

‘ಜಾಗತಿಕ ಸಮಸ್ಯೆ ಸರ್ ಇದು.’

‘ಜಾಗತಿಕ ಅಂದ್ರ ಯಾರ ಜವಾಬ್ದಾರಿನೂ ಅಲ್ಲ ಅಂದಂಗಾತು. ಕೆರಿ ಮುಚ್ಚಿದವರು ಯಾರು, ಗಿಡ ಕಡಿದವರು ಯಾರು, ಮೊದಲ ಅದನ್ನ ಹೇಳು.’

ಹೀಗೆ ಹೇಳುವಾಗ ಅವರು ಮಲ್ಲೇಶ್ವರದವರನ್ನು ನೋಡುತ್ತಾರೆ. ಮಲ್ಲೇಶ್ವರದವರು ಸಾರಿನ ಬಟ್ಟಲು ನೋಡುತ್ತಾರೆ. ನನ್ನನ್ನು ಕೇಳಿದರೆ ಈ ವಿಷಯದಲ್ಲಿ ದೇಶಪಾಂಡೆಯವರ ಮಾತು ಅರ್ಧಕ್ಕಿಂತ ಹೆಚ್ಚೇ ನಿಜ. ಗಾಜು-ಕಾಂಕ್ರೀಟಿನ ಊರು ಹಗಲು ಹೀರಿಕೊಂಡ ಬಿಸಿಯನ್ನು ರಾತ್ರಿಯಿಡೀ ಉಗುಳುತ್ತದೆ. ಅದಕ್ಕೆ ಮೌನಾ ಲೋವಾದವರೆಗೆ ಹೋಗಬೇಕಾಗಿಲ್ಲ. ಉಳಿದದ್ದನ್ನು ಬಾಯಿಬಿಡದೆ ಸುಮ್ಮನೆ ಊಟ ಮಾಡುತ್ತೇನೆ. ಯಾಕೆಂದರೆ ಸಂಜೆ ನಾನು ಅವರ ಕಾರಿನಲ್ಲೇ ಮನೆಗೆ ಹೋಗಬೇಕು.

ಆ ಕಾರಿನ ಬಗ್ಗೆ ಹೇಳಲೇಬೇಕು. ಜೆ.ಪಿ. ನಗರದಿಂದ ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ನಮ್ಮ ಸವಾರಿ. ಹತ್ತಿದ ಕೂಡಲೇ ಹಾಡು ಶುರು. ಹಿಂದೂಸ್ತಾನಿ ಸಂಗೀತದಲ್ಲಿ ಪ್ರತಿ ರಾಗಕ್ಕೂ ಅದರದೇ ಹೊತ್ತು ಉಂಟಷ್ಟೆ. ದೇಶಪಾಂಡೆಯವರು ಆ ನಿಯಮವನ್ನು ಸಂಚಾರಿ ನಿಯಮಕ್ಕಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಹೊರಡುವಾಗ ಅಹಿರ್ ಭೈರವ, ಬಿಟಿಎಂ ಲೇಔಟಿಗೆ ತೋಡಿ. ಒಮ್ಮೆ ಸಿಲ್ಕ್ ಬೋರ್ಡಿನಲ್ಲಿ ಲಾರಿಯೊಂದು ಕೆಟ್ಟು ನಿಂತು, ನಾವು ಅಲ್ಲಿಂದ ಬಿಡುಗಡೆಯಾಗುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ. ‘ಸಾರಂಗದ ವ್ಯಾಳ್ಯಾ ಆತಲ್ರೀ’ ಎಂದು ತೋಡಿ ನಿಲ್ಲಿಸಿ ಬೃಂದಾವನಿ ಸಾರಂಗ ಹಚ್ಚಿದರು. ಮ್ಯಾನೇಜರಿಗೆ ತಡವಾದ ಕಾರಣ ತಿಳಿಸಬೇಕೆಂಬುದು ನೆನಪಾದದ್ದು ದ್ರುತ್ ಶುರುವಾದ ಮೇಲೆ.

ಘರಾಣೆಗಳ ಲೆಕ್ಕವೂ ಬೇರೆ ಉಂಟು. ಸಿಲ್ಕ್ ಬೋರ್ಡಿಗೆ ಕಿರಾಣಾ, ಅದೂ ಭೀಮಸೇನ ಜೋಶಿಯವರ ಅತಿ ವಿಲಂಬಿತ. ಒಂದೊಂದೇ ಸ್ವರ ಹಿಗ್ಗಿಸುತ್ತ ಹೋಗುವ ಆ ಬಢತ್‌ಗೂ ಮುಂದಿನ ಟೆಂಪೋ ಕದಲುವ ಗತಿಗೂ ಸರಿಹೋಗುತ್ತದೆ. ಭಾನುವಾರ ನೈಸ್ ರಸ್ತೆಗೆ ಬಿದ್ದರೆ ಮಾತ್ರ ಜೈಪುರ-ಅತ್ರೌಲಿ. ‘ಮಲ್ಲಿಕಾರ್ಜುನ ಮನ್ಸೂರರ ತಾನು ಬರೋ ರಭಸಕ್ಕ ರಸ್ತೆ ಖಾಲಿ ಬೇಕ್ರೀ.’

ಇನ್ನು ಕಿಟಕಿ. ಅವರ ಬಾಯಲ್ಲಿ ಕಿಡಕಿ. ಕಿಡಕಿ ಇಳಿಸಿದರೆ ಹಾರನ್ನುಗಳ ಅಬ್ಬರದಲ್ಲಿ ತಂಬೂರಿ ಮುಳುಗಿಹೋಗುತ್ತದೆ. ಏರಿಸಿದರೆ ಏಸಿ ಹಾಕಬೇಕು. ಏಸಿ ಹಾಕಿದರೆ ಪೆಟ್ರೋಲು ಹೆಚ್ಚು ಉರಿಯುತ್ತದೆ. ಅದಲ್ಲದೆ ಕಾರಿನ ಏಸಿಯೊಳಗಿನ ಅನಿಲ ಹೊರಗೆ ಸೋರಿದರೆ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮೇಲೆ ಬಿಸಿ ಹಿಡಿದಿಡುತ್ತದೆ ಎಂದು ಡೇಟಾ ಹುಡುಗಿ ಹೇಳಿದ್ದು ಅವರ ಮನಸ್ಸಿಗೆ ನಾಟಿಬಿಟ್ಟಿದೆ. ಹೀಗಾಗಿ ಕಿಡಕಿ ಏರಿಸಿ, ಏಸಿ ಆರಿಸಿ ಹೋಗುವುದೆಂದು ತೀರ್ಮಾನವಾಗಿದೆ. ಏಪ್ರಿಲ್ ತಿಂಗಳಲ್ಲಿ ಆ ಮುಚ್ಚಿದ ಡಬ್ಬಿಯೊಳಗೆ ದೇಶಪಾಂಡೆಯವರು ಬಲಗೈಯಲ್ಲಿ ಸ್ಟಿಯರಿಂಗ್ ಹಿಡಿದು, ಎಡಗೈ ಬೆರಳಲ್ಲಿ ಮಾತ್ರೆ ಎಣಿಸುತ್ತ, ‘ಸಮ್’ ಬಂದಾಗಲೆಲ್ಲ ತಲೆ ಕೊಡವುತ್ತಾರೆ. ಕೊಡವಿದಾಗ ಹಣೆಯ ಬೆವರು ಡ್ಯಾಶ್‌ಬೋರ್ಡಿನ ಮೇಲಿರುವ ಸಣ್ಣ ಗಣಪನ ಮೇಲೆ ಬೀಳುತ್ತದೆ. ಗಣಪನಿಗೆ ನಿತ್ಯ ಅಭಿಷೇಕ. ನನಗೂ.

2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೋ ಶುರುವಾದಾಗ ನನಗೆ ಮೋಕ್ಷ ಸಿಕ್ಕಿತೆಂದುಕೊಂಡೆ. ಡೇಟಾ ಹುಡುಗಿಯೂ ಪರಿಸರದ ಹೆಸರಿನಲ್ಲಿ ಬೆನ್ನುಬಿದ್ದಳು. ದೇಶಪಾಂಡೆಯವರು ಒಂದು ದಿನ ಹೋಗಿ ಬಂದು ತೀರ್ಪು ಕೊಟ್ಟರು: ‘ಥಂಡಿ ಅದ, ಸ್ವಚ್ಛ ಅದ, ಎಲ್ಲಾ ಛಲೋ ಅದ. ಆದ್ರ ಭಾಳ ಲಗೂ ಮುಟ್ಟಿಸ್ತಾರ್ರೀ. ಖ್ಯಾಲು ಅರ್ಧಕ್ಕ ನಿಲ್ತದ.’

ಊರಿಗೆ ಹೋಗುವ ರೈಲಿನ ಮೇಲೂ ಇಂಥದೇ ತಕರಾರು. 2023ರಲ್ಲಿ ವಂದೇ ಭಾರತ್ ಬಂದು ಧಾರವಾಡ ಹತ್ತಿರವಾಯಿತೆಂದು ಎಲ್ಲರೂ ಹಿಗ್ಗಿದರೆ ಇವರು ಮಾತ್ರ ಅದರ ತೆರೆಯದ ಗಾಜನ್ನು ಕ್ಷಮಿಸಿಲ್ಲ. ಹಳೆಯ ಗಾಡಿಯಲ್ಲಾದರೆ ಹರಿಹರದಲ್ಲಿ ತುಂಗಭದ್ರೆ ದಾಟಿದ ಕೂಡಲೇ ಕೈ ಹೊರಗೆ ಹಾಕಿ ಗಾಳಿ ಮುಟ್ಟಿ ನೋಡುತ್ತಿದ್ದರಂತೆ. ‘ಅಲ್ಲಿಂದ ನಮ್ಮ ಹವಾ ಚಾಲೂ.’ ಹವಾಮಾನ ಇಲಾಖೆಗೆ ಈ ಗಡಿರೇಖೆ ಇನ್ನೂ ತಿಳಿದಿಲ್ಲ.

ಮನೆಯಲ್ಲಿ ಅವರದು ಅಲ್ಪಸಂಖ್ಯಾತರ ಬದುಕು. ಹೆಂಡತಿಗೆ ಕಿಶೋರ್ ಕುಮಾರ್. ಪಕ್ಕದ ಫ್ಲ್ಯಾಟಿನ ಅಜ್ಜಿಗೆ ತ್ಯಾಗರಾಜರು. ಕೀರ್ತನೆಗಳು ಬೇಗ ಬೇಗ ಮುಗಿದುಹೋಗುತ್ತವೆಂದು ಇವರಿಗೂ, ನಿಮ್ಮವರು ಒಂದೇ ಸಾಲನ್ನು ಮುಗಿಸುವುದೇ ಇಲ್ಲವೆಂದು ಅಜ್ಜಿಗೂ ಬೇಸರ. ಮಗಳಿಗೆ ಕೊರಿಯಾದ ಹುಡುಗರ ಹಾಡು. ಒಂದು ದಿನ ಅವಳ ಇಯರ್‌ಫೋನಿನ ಒಂದು ತುದಿಯನ್ನು ಕಿವಿಗಿಟ್ಟುಕೊಂಡು ಶ್ರದ್ಧೆಯಿಂದ ಕೇಳಿ, ‘ತಯಾರಿ ಛಲೋ ಅದ. ಯಾವ ಹೊತ್ತಿನ ರಾಗನವಾ ಇದು?’ ಎಂದರಂತೆ.

ಮಳೆ ಏರುಪೇರಾದದ್ದಕ್ಕೂ ಅವರಲ್ಲಿ ಸಂಗೀತದ ಕಾರಣವಿದೆ. ಮಾರ್ಗಶಿರದ ಚಳಿಯ ಕಛೇರಿಯಲ್ಲಿ ಯಾರೋ ಚೀಟಿ ಕಳಿಸಿ ಮಳೆಗಾಲದ ರಾಗ ಮಿಯಾ ಮಲ್ಹಾರ ಹಾಡಿಸುತ್ತಾರೆ. ಮಳೆಗೆ ತನ್ನ ಪಾಳಿ ಯಾವಾಗ ಎಂದು ಹೇಗೆ ತಿಳಿಯಬೇಕು? 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿಲಿಮೀಟರ್ ಸುರಿದು ಜೂನ್ ತಿಂಗಳ ನೂರಮೂವತ್ತು ವರ್ಷಗಳ ದಾಖಲೆ ಮುರಿದಾಗ, ‘ಯಾರು ಹಾಡಿದ್ರು ವಿಚಾರಿಸ್ರಿ’ ಎಂದರು. ನಕ್ಕಿರಲಿಲ್ಲ.

ಒಂದು ಸಂಜೆ ಮಾತ್ರ ನಾನು ಅವರನ್ನು ಕೆಣಕಿದೆ. ಕಾರಿನಲ್ಲಿ ಕುಮಾರ ಗಂಧರ್ವರ ಮಾರ್ವಾ. ‘ನಿಮ್ಮ ಕಡೆ ಹವೆ ಅಷ್ಟು ಚೆನ್ನಾಗಿದ್ದರೆ ಸುಳೇಭಾವಿಯಲ್ಲಿ ಹುಟ್ಟಿದ ಇವರು ದೇವಾಸಿಗೆ ಯಾಕೆ ಹೋಗಬೇಕಿತ್ತು ಸಾರ್?’ ಎಂದೆ. ಕ್ಷಯ ಹಿಡಿದ ಕುಮಾರರು ಒಣ ಹವೆ ಬೇಕೆಂದು 1948ರಲ್ಲಿ ಮಧ್ಯಪ್ರದೇಶದ ಆ ಊರಿಗೆ ಹೋಗಿ, ವರ್ಷಗಟ್ಟಲೆ ಹಾಡದೆ ಮಲಗಿದಲ್ಲೇ ಮಾಳವದ ಹೆಂಗಸರ ಜಾನಪದ ಹಾಡು ಕೇಳಿಸಿಕೊಂಡು, ಎದ್ದ ಮೇಲೆ ಆ ನೆಲದ್ದೇ ಹೊಸ ಗಾಯನ ಕಟ್ಟಿದವರು. ಕೊನೆಗೂ ಅಲ್ಲಿಯವರೇ ಆಗಿಬಿಟ್ಟರು. ಗದಗಿನ ಭೀಮಸೇನರು ಪುಣೆಯವರಾದರು. ಊರಲ್ಲೇ ಉಳಿದ ದೊಡ್ಡವರೆಂದರೆ ಹುಬ್ಬಳ್ಳಿಯ ಗಂಗೂಬಾಯಿ, ಧಾರವಾಡದ ‘ಮೃತ್ಯುಂಜಯ’ ಮನೆಯಲ್ಲಿ ಬೀಡಿ ಸೇದುತ್ತ ಕೂತ ಮನ್ಸೂರರು.

ದೇಶಪಾಂಡೆಯವರು ಸಿಗ್ನಲ್ ಹಸಿರಾಗುವವರೆಗೂ ಮಾತಾಡಲಿಲ್ಲ. ಆಮೇಲೆ ಗೇರು ಹಾಕುತ್ತ ಹೇಳಿದರು: ‘ಅವರು ಊರು ಬಿಟ್ಟು ಘರಾಣೆ ಮೀರಿದ್ರು. ನಾವು ಊರು ಬಿಟ್ಟು ಇಎಂಐ ಕಟ್ಟಿದ್ವಿ.’

ಅವರ ತಮ್ಮನ ಮಗನ ಮುಂಜಿಗೆಂದು ಧಾರವಾಡಕ್ಕೆ ಹೋದಾಗ ನನಗೆ ಇನ್ನೊಬ್ಬ ದೇಶಪಾಂಡೆ ಕಂಡರು. ಚಪ್ಪರದ ಕೆಳಗೆ ನೆಂಟರ ನಡುವೆ ಕೂತು ಪಂಚೆಯ ತುದಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ‘ಏನ್ ಧಗಿಯೋ ಮಾರಾಯಾ! ನಮ್ಮ ಬೆಂಗಳೂರಾಗ ಈ ಹೊತ್ತಿಗೆ ಫ್ಯಾನ್ ಬೇಕಾಗಂಗಿಲ್ಲ’ ಎನ್ನುತ್ತಿದ್ದರು. ಅವರ ಬೆನ್ನ ಹಿಂದೆ ವಯಸ್ಸಾದವರೊಬ್ಬರು ಫೇಡೆ ಮುರಿಯುತ್ತ ಪಕ್ಕದವರಿಗೆ ಹೇಳಿದರು: ‘ಬೆಂಗಳೂರಿನವರಿಗೆ ನಮ್ಮ ಹವಾ ಎಲ್ಲಿ ತಡೀತದ!’ ನಾನು ಕೇಳಿಸಿಕೊಂಡೆ. ಅವರೂ ಕೇಳಿಸಿಕೊಂಡರೆಂದು ಕಾಣುತ್ತದೆ, ಬೀಸಿಕೊಳ್ಳುವುದು ನಿಂತಿತು.

ಹೋದ ವರ್ಷ ಹುಬ್ಬಳ್ಳಿಯ ಶಾಖೆಯಲ್ಲಿ ಜಾಗ ಖಾಲಿಯಾಗಿ, ಬೇಕಾದವರು ಅರ್ಜಿ ಕೊಡಬಹುದೆಂದು ಸುತ್ತೋಲೆ ಬಂತು. ದೇಶಪಾಂಡೆಯವರು ಅದನ್ನು ಪ್ರಿಂಟ್ ತೆಗೆಸಿ ಡ್ರಾಯರಿನಲ್ಲಿಟ್ಟುಕೊಂಡರು. ಕೊನೆಯ ದಿನಾಂಕ ದಾಟಿದ ಮೇಲೆ ಎರಡು ವಾರ ಅದೇ ಡ್ರಾಯರಿನಲ್ಲಿತ್ತು. ಈಗ ಅದರ ಹಿಂಬದಿಯಲ್ಲಿ ಯಾವ ರಸ್ತೆಗೆ ಯಾವ ರಾಗ ಎಂಬ ಪಟ್ಟಿ ಬರೆದಿದ್ದಾರೆ. ಹೊರವರ್ತುಲ ರಸ್ತೆಗೆ ಇನ್ನೂ ಒಂದೂ ಹೊಂದಿಲ್ಲವಂತೆ.

ನಿಮ್ಮ ಆಫೀಸಿನಲ್ಲಿರುವ ಧಾರವಾಡದವರೊಡನೆ ನೀವೂ ಚೆನ್ನಾಗಿರಿ. ಕಾರಿನಲ್ಲಿ ಕರೆದರೆ ಹೋಗಿ, ಇಂಥ ಸಂಗೀತ ಬೇರೆಲ್ಲೂ ಪುಕ್ಕಟೆ ಸಿಗುವುದಿಲ್ಲ. ಒಂದು ಕರವಸ್ತ್ರ ಜಾಸ್ತಿ ಇರಲಿ. ‘ಊರಲ್ಲಿ ಮಳೆ ಹೇಗಿದೆ ಸಾರ್?’ ಎಂದು ಮಾತ್ರ ಬೆಳಿಗ್ಗೆ ಕೇಳಬೇಡಿ. ಅದು ಸಂಜೆ ಕೇಳುವ ಪ್ರಶ್ನೆ.