ಹೆಸರಿಲ್ಲದ ಸಾವಿರ ಫೋಟೋಗಳ ಒಡೆಯರಿಗೆ

ಗೆ,
ಮಹಾನವಮಿ ರಜೆಗೆ ಬೆಂಗಳೂರು, ಹೈದರಾಬಾದು, ಪುಣೆಗಳಿಂದ ಬಂದು ಬಸ್ಸಿಳಿಯುವ ಸಮಸ್ತ ಫೋಟೋಗ್ರಾಫರ್ ಮಕ್ಕಳಿಗೆ,
ಮುಕ್ಕಾಂ: ಸಿಂಧನೂರು, ಲಿಂಗಸುಗೂರು, ಮಸ್ಕಿ.

ಮಕ್ಕಳೇ,

ನೀವು ಬರುವುದಕ್ಕೆ ವಾರ ಮೊದಲೇ ನಮ್ಮ ತಯಾರಿ ಮುಗಿದಿರುತ್ತದೆ. ಕರ್ಚಿಕಾಯಿ ಕರಿದು ಡಬ್ಬಿ ತುಂಬಿರುತ್ತೇವೆ, ಮನೆಯ ಎಲ್ಲ ಪ್ಲಗ್ಗುಗಳನ್ನು ನಿಮ್ಮ ಚಾರ್ಜರುಗಳಿಗೆಂದು ಖಾಲಿ ಬಿಟ್ಟಿರುತ್ತೇವೆ. ಊರಿಗೆ ನೀವು ಮಾಡುತ್ತಿರುವ ಉಪಕಾರವನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲವೆಂಬ ಕೊರಗು ನನಗಿತ್ತು. ಆದ್ದರಿಂದ ಈ ಪತ್ರ. ನಾಲೆಯ ಏರಿಯ ಮೇಲೆ ನಿಂತು ನೀವು ‘ವಾವ್, ನೇಚರ್!’ ಅನ್ನುವ ತನಕ ನಮಗದು ಬರೀ ಭತ್ತವಾಗಿತ್ತು.

ಒಂದು ಕೊರತೆಗೆ ಮಾತ್ರ ನೀವು ನಮ್ಮನ್ನು ಮನ್ನಿಸಬೇಕು. ಫೋಟೋದ ಕೆಳಗೆ ನೀವು ‘ಆಟಮ್’ ಎಂದು ಬರೆದು ಕೆಂಪು ಎಲೆಯ ಸ್ಟಿಕ್ಕರ್ ಅಂಟಿಸುತ್ತೀರಿ. ನಮ್ಮ ಗಿಡಗಳು ಅಷ್ಟು ಸುಸಂಸ್ಕೃತವಲ್ಲ. ಅವು ಎಲೆ ಉದುರಿಸುವುದು ಮಾಘ-ಫಾಲ್ಗುಣದಲ್ಲಿ, ನೀವು ಆಫೀಸಿನಲ್ಲಿರುವಾಗ. ನಮ್ಮ ಕಡೆ ಹೆಚ್ಚು ಮಳೆ ಬೀಳುವುದೇ ಸೆಪ್ಟೆಂಬರಿನಲ್ಲಿ. ಹಾಗಾಗಿ ಆಶ್ವೀಜ, ಕಾರ್ತಿಕ ಎಂದರೆ ರಾಯಚೂರು ಜಿಲ್ಲೆ ವರ್ಷದಲ್ಲೇ ಅತಿ ಹಸಿರಾಗಿರುವ ಕಾಲ. ಸಿಂಧನೂರಿನ ಭತ್ತ ತೆನೆ ಹೊರಡುತ್ತಿರುತ್ತದೆ. ಮಸ್ಕಿ, ಲಿಂಗಸುಗೂರಿನ ಕಡೆ ಸಜ್ಜೆ ಕಣಕ್ಕೆ ಬಂದಿರುತ್ತದೆ, ಹತ್ತಿ ಕಾಯಿ ಒಡೆಯುತ್ತಿರುತ್ತದೆ, ತೊಗರಿ ಹಳದಿ ಹೂ ಬಿಡುವ ಸನ್ನಾಹದಲ್ಲಿರುತ್ತದೆ, ಎರೆ ಹೊಲದಲ್ಲಿ ಹಿಂಗಾರಿ ಜೋಳದ ಬಿತ್ತಿಗೆ ನಡೆದಿರುತ್ತದೆ. ಮಳೆ ಧೂಳನ್ನೆಲ್ಲ ತೊಳೆದಿರುವುದರಿಂದ, ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ, ಸಂಜೆ ನಾಲ್ಕೂವರೆಯಿಂದ ಆರರವರೆಗೆ ಬೀಳುವ ಬೆಳಕಿಗೆ ಯಾವ ಫಿಲ್ಟರೂ ಬೇಕಾಗುವುದಿಲ್ಲ. ಆ ಹೊತ್ತಿಗೆ ನೀವು ಹೋಳಿಗೆ ಉಂಡು ಮಲಗಿರುತ್ತೀರಿ. ಎದ್ದು ಬಂದಾಗ ಫ್ಲಾಶ್ ಬೇಕಾಗುತ್ತದೆ.

ನೀವು ಪ್ರಕೃತಿ ಎನ್ನುವ ಆ ಹಸಿರಿಗೆ ಕಬ್ಬಿಣದ ಗೇಟುಗಳಿವೆ ಎಂಬ ವಿಷಯ ನಿಮ್ಮ ಫೋಟೋಗಳಲ್ಲಿ ಕಾಣಬಾರದು, ಕಂಡರೆ ಚಂದ ಕೆಡುತ್ತದೆ. 1953ರಲ್ಲಿ ತುಂಗಭದ್ರೆಯ ನೀರು ನಿಂತು, ಎಡದಂಡೆ ನಾಲೆ ಹರಿದು, ಆಂಧ್ರದಿಂದ ಬಂದ ರೈತರು ಕ್ಯಾಂಪು ಕಟ್ಟಿಕೊಂಡು ಸಸಿ ಹಚ್ಚಿದ ಮೇಲೆ ಬಂದ ಹಸಿರು ಅದು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋದಾಗ ಸಿಂಧನೂರಿನ ಎಲ್ಲ ಫೋನುಗಳಲ್ಲೂ ಒಂದೇ ಚಿತ್ರವಿತ್ತು: ಬಿಳಿ ನೊರೆಯಾಗಿ ನದಿಗೆ ಬೀಳುತ್ತಿದ್ದ ನೀರು. ಅದಕ್ಕೆ ಯಾರೂ ಸ್ಟಿಕ್ಕರ್ ಹಾಕಲಿಲ್ಲ. ಚಹಾದಂಗಡಿಯಲ್ಲಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು, ‘ಎಷ್ಟ್ ಟಿಎಂಸಿ ಹ್ವಾತಪಾ?’ ಎಂದು ಕೇಳುತ್ತಿದ್ದರು. ವಾರದೊಳಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಕಬ್ಬಿಣದ ಅಡ್ಡತುಂಡುಗಳನ್ನು ಇಳಿಸಿ ತಡೆದರು. ಆ ವರ್ಷದ ದಸರೆಗೆ ನೀವು ತೆಗೆದ ಹಸಿರು ಹಿನ್ನೆಲೆಯ ಸೆಲ್ಫಿ ಆ ಕಬ್ಬಿಣದ ತುಂಡುಗಳ ಕೃಪೆ.

ಹಿನ್ನೆಲೆ ಎಂದೆನಲ್ಲ, ಅದರಲ್ಲೂ ನಿಮ್ಮದು ದೊಡ್ಡ ಸಾಧನೆ. ಪೋರ್ಟ್ರೇಟ್ ಮೋಡ್ ಎಂಬುದು ಮುಂದಿನವರನ್ನು ಉಳಿಸಿ ಹಿಂದಿನವರನ್ನು ಮಂಜು ಮಾಡುತ್ತದೆ. ನಮ್ಮ ಹೊಲದಲ್ಲಿ ಹಿಂದೆ ಇರುವವರು ಹತ್ತಿ ಬಿಡಿಸುವ ಹೆಣ್ಣುಮಕ್ಕಳು. ಸಾವಿರಾರು ವರ್ಷ ಅವರನ್ನು ಮಂಜು ಮಾಡುವ ಕೆಲಸವನ್ನು ಮನುಷ್ಯರೇ ಮಾಡುತ್ತಿದ್ದರು, ಈಗ ಯಂತ್ರ ತಾನಾಗಿಯೇ ಮಾಡುತ್ತದೆ.

ಇನ್ನು ಬ್ಯೂಟಿ ಮೋಡ್. ಕಳೆದ ಸಲ ನಿಮ್ಮಲ್ಲೊಬ್ಬಳು ನಮ್ಮವ್ವನ ಫೋಟೋ ತೆಗೆದು ಅವಳಿಗೇ ತೋರಿಸಿದಳು. ಅವ್ವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ‘ಯಾರಬೇ ಈಕಿ? ಚಂದ ಅದಾಳ. ನಿಮ್ಮ ತಾಯಿ ಕಡಿಯಾಕಿ ಏನು?’ ಅಂದಳು. ಅವ್ವನ ಹಣೆಯ ಹಚ್ಚೆ ಬೊಟ್ಟನ್ನು ಫೋನು ಕಲೆ ಎಂದು ತಿಳಿದು ಅಳಿಸಿಬಿಟ್ಟಿತ್ತು. ಗದ್ದದ ಮೇಲಿನ ಮೂರು ಹಸಿರು ಚುಕ್ಕಿಗಳೂ ಹೋಗಿದ್ದವು. ಏಳೆಂಟು ವರ್ಷದ ಹುಡುಗಿ ಸೂಜಿ ಚುಚ್ಚಿಸಿಕೊಂಡು ಅತ್ತು ಪಡೆದದ್ದನ್ನು, ಸತ್ತರೂ ಜೊತೆಗೆ ಬರುವುದು ಇದೊಂದೇ ಎಂದು ನಂಬಿಕೊಂಡದ್ದನ್ನು, ಫೋನು ಕಣ್ಣುರೆಪ್ಪೆ ಬಡಿಯುವುದರೊಳಗೆ, ನೋವಿಲ್ಲದೆ ತೆಗೆದಿತ್ತು. ಮೈಬಣ್ಣವನ್ನೂ ಎರಡು ಪಟ್ಟು ತಿಳಿ ಮಾಡಿತ್ತು. ಎರೆ ಹೊಲದ ಬಿಸಿಲಲ್ಲಿ ಎಂಬತ್ತು ವರ್ಷ ಗಳಿಸಿದ ಬಣ್ಣವದು. ಅವ್ವ ಆ ಫೋಟೋದಲ್ಲಿರುವಾಕೆಗೆ ಊಟ ಹಾಕಿ ಕಳಿಸಿರೆಂದು ಹೇಳಿ ಒಳಗೆ ಹೋದಳು.

ಬನ್ನಿಯ ಸಂಜೆಯ ಮಾತು ಬೇರೆ. ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಎಂದು ಎಲೆ ಕೊಟ್ಟು, ಕಿರಿಯರು ಹಿರಿಯರ ಕಾಲಿಗೆ ಬೀಳುವುದು ಅರ್ಧ ನಿಮಿಷದ ಕೆಲಸ. ನಿಮ್ಮ ಕೈಯಲ್ಲಿ ಅದು ಒಂದು ತಾಸು ನಡೆಯುತ್ತದೆ. ‘ಮಾಮಾ, ಇನ್ನೊಮ್ಮೆ ಬನ್ನಿ ಕೊಡ್ರಿ, ಈ ಸಲ ನಗಬೇಕು.’ ‘ಅತ್ತೀ, ಎಲಿ ಕ್ಯಾಮೆರಾ ಕಡೆ ಹಿಡೀರಿ.’ ನನ್ನ ತಮ್ಮ ಒಂದೇ ಸಂಜೆ ನನ್ನ ಕಾಲಿಗೆ ಅಷ್ಟು ಸಲ ಬಿದ್ದದ್ದು ಆಸ್ತಿ ಪಾಲಾದ ಮೇಲೆ ಮೊದಲ ಬಾರಿ. ಇದಕ್ಕಾಗಿ ನಿಮಗೆ ನಿಜವಾಗಿಯೂ ಋಣಿ. ಬಂಗಾರದ ಮಾತು ಬಂತಲ್ಲ, ಲಿಂಗಸುಗೂರು ತಾಲ್ಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ ಇದೆ. 1947ರಲ್ಲಿ ನಿಜಾಮರ ಕಾಲಕ್ಕೆ ಹುಟ್ಟಿದ ಕಂಪನಿ, ದೇಶದಲ್ಲಿ ಅದಿರಿನಿಂದ ಚಿನ್ನ ತೆಗೆಯುವ ದೊಡ್ಡ ಗಣಿ ಅದು. ಪಾಳಿ ಮುಗಿಸಿ ಭೂಮಿಯೊಳಗಿಂದ ಮೇಲೆ ಬರುವವರ ಮುಖ ನಿಮ್ಮ ಗ್ಯಾಲರಿಯಲ್ಲಿ ಇಲ್ಲದಿರುವುದು ಸಹಜ. ಎಲೆಯ ಬಂಗಾರಕ್ಕೆ ಇರುವ ಹೊಳಪು ಹೆಲ್ಮೆಟ್ಟಿನ ಮಣ್ಣಿಗೆ ಎಲ್ಲಿಂದ ಬರಬೇಕು?

ಕೋಟೆಗಳ ವಿಷಯ ಎತ್ತುವುದಿಲ್ಲ. ಮುದಗಲ್ಲಿನಲ್ಲೂ ಜಲದುರ್ಗದಲ್ಲೂ ನೀವು ತೆಗೆಯುವುದು ನಿಮ್ಮ ಕನ್ನಡಕವನ್ನು. ಕೋಟೆ ಅದರ ಗಾಜಿನಲ್ಲಿ ಕಾಣುತ್ತದೆ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ಮುಳುಗುವ ಶೀಲಹಳ್ಳಿ ಸೇತುವೆಯ ಮೇಲೆ ಮಾತ್ರ ರೀಲು ಮಾಡಬೇಡಿ. ಇದು ವ್ಯಂಗ್ಯವಲ್ಲ.

ಶೀಗಿ ಹುಣ್ಣಿಮೆಗೆ ಹೊಲಕ್ಕೆ ಬರುತ್ತೀರಲ್ಲ, ಅಲ್ಲಿಯೂ ನಿಮ್ಮ ಶಿಸ್ತು ಮೆಚ್ಚುವಂಥದ್ದು. ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಕಡುಬು ಎಲ್ಲವನ್ನೂ ತಾಟಿನಲ್ಲಿ ಗಡಿಯಾರದ ಅಂಕಿಗಳಂತೆ ಜೋಡಿಸಿ, ಕುರ್ಚಿ ಹತ್ತಿ ಮೇಲಿಂದ ತೆಗೆಯುತ್ತೀರಿ. ಅಷ್ಟರಲ್ಲಿ ಎಣಗಾಯಿ ಆರಿರುತ್ತದೆ. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ ಮಾಡಿ, ಬುಟ್ಟಿ ಹಿಡಿದು ಬೆಳೆಯ ಸಾಲಿನಲ್ಲಿ ಚರಗ ಚೆಲ್ಲುತ್ತ ಕೂಗುತ್ತ ಹೋಗುವವನು ನಿಮ್ಮ ಫೋಟೋದಲ್ಲಿ ಬರೀ ಒಂದು ಬಿಳಿ ಗೀರು. ನಡೆಯುವ ಮನುಷ್ಯ ಯಾವತ್ತೂ ಕೆಟ್ಟ ಮಾಡೆಲ್. ಅವನು ಯಾರೆಂದು ನಿಮ್ಮ ಗೆಳೆಯರು ಕೇಳಿದರೆ ‘ನಮ್ಮ ಹೊಲದಾಗ ದುಡಿಯಾಂವ’ ಎಂದು ಬರೆಯುತ್ತೀರಿ. ನಿಮ್ಮಲ್ಲಿ ಇಬ್ಬರಿಗೆ ಈಜು ಕಲಿಸಿದವನು ಅವನೇ.

ಹೆಸರಿನ ಮಾತಿಗೆ ಬಂದೆ. ಮಸ್ಕಿಯ ಗುಡ್ಡದ ಶಾಸನದ ಬಂಡೆಯ ಮುಂದೆ ಎರಡು ಬೆರಳೆತ್ತಿ ನಿಂತ ಫೋಟೋ ನಿಮ್ಮೆಲ್ಲರ ಹತ್ತಿರವೂ ಇದೆ. ಆ ಬಂಡೆಯನ್ನು 1915ರಲ್ಲಿ ಕಂಡದ್ದು ಬೀಡನ್ ಎಂಬ ಗಣಿ ಎಂಜಿನಿಯರ್. ಅವನು ಹುಡುಕುತ್ತಿದ್ದುದು ಚಿನ್ನವನ್ನು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿ ಓದಿದಾಗಿನಿಂದ ದೇಶದ ಕಲ್ಲುಗಳ ಮೇಲೆಲ್ಲ ಸಿಗುತ್ತಿದ್ದುದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು. ಅವು ಅಶೋಕನವೆಂದು ಸಿಂಹಳದ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು, ಕಲ್ಲಿನ ಸಾಕ್ಷಿ ಇರಲಿಲ್ಲ. ಸುಮಾರು ಎಂಟು ದಶಕಗಳ ನಂತರ ಆ ಬಿರುದಿನ ಪಕ್ಕದಲ್ಲಿ ಅಶೋಕನೆಂಬ ಹೆಸರು ಮೊದಲ ಬಾರಿ ಸಿಕ್ಕಿದ್ದು ಮಸ್ಕಿಯಲ್ಲಿ. ಕೆತ್ತಿದವನು ಹೆಸರು ಬರೆದಿದ್ದ, ಅಷ್ಟೇ. ಅದೊಂದಕ್ಕೇ ಜಗತ್ತಿನ ಇತಿಹಾಸದ ಪುಸ್ತಕಗಳಲ್ಲಿ ನಮ್ಮ ಮಸ್ಕಿ ಇದೆ. ಆ ಬಂಡೆಗೆ ಬೆನ್ನು ಕೊಟ್ಟು ನಿಂತು ತೆಗೆದ ಫೋಟೋದ ಕೆಳಗೆ ನೀವು ಬರೆದದ್ದು: ‘ವಿತ್ ಗ್ಯಾಂಗ್’.

ನಮ್ಮ ಕಾಲದ ಫೋಟೋಗಳನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಅವು ಘನವಾದ ಸುಳ್ಳುಗಳಾಗಿದ್ದವು. ಸ್ಟುಡಿಯೋದ ಪರದೆಯ ಮೇಲೆ ತಾಜಮಹಲಿರುತ್ತಿತ್ತು, ಕೋಟು ಸ್ಟುಡಿಯೋದವರದ್ದು, ಕೈಯಲ್ಲಿ ವೈರಿಲ್ಲದ ಟೆಲಿಫೋನು. ರೀಲಿನಲ್ಲಿ 36 ಫೋಟೋ, ಅದು ಮುಗಿಯುವ ತನಕ ತೊಳೆಯಲು ಕೊಡುತ್ತಿರಲಿಲ್ಲ. ದಸರೆಯ ಫೋಟೋವನ್ನು ಸಂಕ್ರಾಂತಿಗೆ ನೋಡುತ್ತಿದ್ದೆವು, ಅರ್ಧದಲ್ಲಿ ಎಲ್ಲರ ಕಣ್ಣು ಮುಚ್ಚಿರುತ್ತಿತ್ತು. ಆದರೆ ಹಿಂದೆ ತಿರುಗಿಸಿದರೆ ಬಾಲ್‌ಪೆನ್ನಿನಲ್ಲಿ ಬರೆದಿರುತ್ತಿತ್ತು: ಎಡದಿಂದ ಬಲಕ್ಕೆ ಯಾರು ಯಾರು, ಯಾವ ಊರು, ಯಾವ ಹಬ್ಬ, ಯಾವ ಇಸವಿ. ಸತ್ತವರ ಹೆಸರಿನ ಮುಂದೆ ಆಮೇಲೆ ಯಾರೋ ಸಣ್ಣ ಗುರುತು ಹಾಕಿರುತ್ತಿದ್ದರು. ನಿಮ್ಮ ಫೋನಿನ ಮೂರು ವರ್ಷ ಹಳೆಯ ಫೋಟೋ ತೋರಿಸಿ ಇವರ್ಯಾರೆಂದು ಕೇಳಿದರೆ, ‘ಯಾರೋ ಕಾಕಾ’ ಅನ್ನುತ್ತೀರಿ. ಯಾರೋ ಕಾಕಾ ಎಂಬ ಹೆಸರಿನವರು ನಮ್ಮ ಬಳಗದಲ್ಲಿ ಯಾರೂ ಇಲ್ಲ.

ಅಷ್ಟೂ ಫೋಟೋ ಎಲ್ಲೋ ಮೋಡದಲ್ಲಿ ಭದ್ರವಾಗಿದೆ ಎನ್ನುತ್ತೀರಿ. ಗೂಗಲ್ ಫೋಟೋಸ್‌ನ ಪುಕ್ಕಟೆ ಮೋಡ 2021ರ ಜೂನ್ 1ಕ್ಕೆ ಮುಗಿಯಿತು. ಈಗ 15 ಜಿಬಿ ದಾಟಿದರೆ ಬಾಡಿಗೆ. ಬಾಡಿಗೆ ಉಳಿಸಲು ಜಾಗ ಖಾಲಿ ಮಾಡುವಾಗ ಮೊದಲು ಹೋಗುವುದು ಯಾವುವು? ತಾಟಿನ ಫೋಟೋ ಉಳಿಯುತ್ತದೆ. ಒಂದೇ ತರಹ ಕಾಣುವ ಮುದುಕರ ಹದಿನಾಲ್ಕು ಫೋಟೋಗಳಲ್ಲಿ ಹದಿಮೂರು ಹೋಗುತ್ತವೆ.

ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಿಗೆ ದುರ್ಗಾಪೂಜೆ ನೋಡಲು ಹೋಗುತ್ತೀರಿ. ಮೂರ್ತಿಯ ಫೋಟೋ ಚಂದವೇ ಬಂದಿರುತ್ತದೆ. ಮೂರ್ತಿಯ ಪಕ್ಕ ನಿಂತ ಹಿರಿಯರನ್ನೂ ಸ್ವಲ್ಪ ಮಾತನಾಡಿಸಿ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳು ಅವು. ಹೆಸರು, ಊರು, ತಾರೀಖು, ಮುಖ ಒಟ್ಟಿಗೆ ಇರುವ ಒಂದು ಕಾಗದದ ಬೆಲೆ ಎಷ್ಟೆಂದು ಅವರಷ್ಟು ಚೆನ್ನಾಗಿ ಯಾರೂ ಹೇಳಲಾರರು. 2024ರಲ್ಲಿ ಅವರಲ್ಲಿ ಕೆಲವರ ಕೈಗೆ ಪೌರತ್ವದ ಪತ್ರ ಬಂದಾಗ ಇಲ್ಲಿ ಭತ್ತ ಬೆಳೆಯುತ್ತ ದಶಕಗಳೇ ಕಳೆದಿದ್ದವು.

ನಿಮಗೊಬ್ಬ ಪ್ರತಿಸ್ಪರ್ಧಿ ಇದ್ದಾನೆಂದು ಎಚ್ಚರಿಸುವುದು ನನ್ನ ಕರ್ತವ್ಯ. ಅವನ ಹೆಸರು ಸರ್ಕಾರ. 2020ರ ಮುಂಗಾರಿನಿಂದ ಬೆಳೆ ಸಮೀಕ್ಷೆಯ ಆ್ಯಪ್ ಬಂದಿದೆ. ಫೋನು ಹಿಡಿದು ಹೊಲದೊಳಗೇ ನಿಂತು ಬೆಳೆಯ ಫೋಟೋ ತೆಗೆಯಬೇಕು. ರಸ್ತೆಯ ಮೇಲೆ ನಿಂತರೆ ಒಪ್ಪುವುದಿಲ್ಲ. ಫಿಲ್ಟರ್ ಇಲ್ಲ. ಸರ್ವೆ ನಂಬರ್ ಎಷ್ಟು, ಹೊಲ ಯಾರದ್ದು, ಬೆಳೆ ಯಾವುದು, ನೀರು ಎಲ್ಲಿಯದು ಎಂದು ಕೇಳುತ್ತದೆ. ಹೊಲದಲ್ಲಿ ತೊಗರಿ ಇದ್ದರೆ ದಾಖಲೆಯಲ್ಲಿ ಹತ್ತಿ ಬಂತೆಂಬ ದೂರು ಆಗಾಗ ಕೇಳಿಸುವುದುಂಟು, ಆದರೂ ಈ ಮೂರು ತಾಲ್ಲೂಕುಗಳ ಶರದೃತುವಿನ ಅತಿ ದೊಡ್ಡ ಆಲ್ಬಮ್ ಇರುವುದು ಅಲ್ಲಿ. ಇನ್ನು ಉದ್ಯೋಗ ಖಾತರಿಯ ಕೂಲಿಕಾರರು. 2023ರ ಜನವರಿಯಿಂದ ಅವರ ಹಾಜರಿಗೆ ದಿನಕ್ಕೆ ಎರಡು ಫೋಟೋ ಕಡ್ಡಾಯವಾಯಿತು. ಸಲಿಕೆ, ಬುಟ್ಟಿ ಹಿಡಿದು ಸಾಲಾಗಿ ನಿಂತ ಹೆಣ್ಣುಮಕ್ಕಳನ್ನು, ನೀವು ಮಂಜು ಮಾಡಿದ ಅದೇ ಹೆಣ್ಣುಮಕ್ಕಳನ್ನು, ಸರ್ಕಾರ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಮೇಲೆ ಒಮ್ಮೆ ಸ್ಪಷ್ಟವಾಗಿ ತೆಗೆದುಕೊಂಡಿತು. ಅಲ್ಲಿಯೂ ಕಲಾವಿದರಿಗೆ ಬರವಿರಲಿಲ್ಲ. ಸಂಬಂಧವಿಲ್ಲದ ಫೋಟೋ ಹಾಕಿದ್ದಾರೆ, ಫೋಟೋದ ಫೋಟೋ ತೆಗೆದು ಹಾಕಿದ್ದಾರೆ ಎಂದು 2025ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಬೇಕಾಯಿತು. ಕೂಲಿಯ ಕಳವು ತಡೆಯಲೋ, ಕೂಲಿಯನ್ನೇ ಕದಿಯಲೋ ಆಗಲಿ, ಕೊನೆಗೆ ಈ ಭಾಗದ ಹೆಣ್ಣುಮಕ್ಕಳ ದಿನನಿತ್ಯದ ಫೋಟೋವನ್ನು ಯಾರಾದರೂ ತೆಗೆದಿದ್ದರೆ ಅದು ಅವರ ಮೇಲೆ ನಂಬಿಕೆ ಇಲ್ಲದವರು. ಒಂದು ಪ್ರತಿಯೂ ಆ ಹೆಣ್ಣುಮಕ್ಕಳ ಮನೆ ಸೇರಿಲ್ಲ.

ಹಾಗಾಗಿ ಈ ಸಲ ಒಂದು ಅರ್ಜಿ. ಎಷ್ಟು ಬೇಕಾದರೂ ತೆಗೆಯಿರಿ, ಕೆಂಪು ಎಲೆಯನ್ನೂ ಅಂಟಿಸಿರಿ. ಅವ್ವನ ಫೋಟೋ ತೆಗೆಯುವಾಗ ಮಾತ್ರ ಆ ಬ್ಯೂಟಿ ಮೋಡ್ ಬಂದ್ ಮಾಡಿ, ಸಂಜೆ ಐದಕ್ಕೆ ಎದ್ದು ಕಟ್ಟೆಯ ಮೇಲೆ ಕೂಡಿಸಿ ತೆಗೆಯಿರಿ. ಹೊಲದ ಹೆಣ್ಣುಮಕ್ಕಳನ್ನು ‘ತೆಗೀಲೇನ್ರವ್ವಾ?’ ಎಂದು ಕೇಳಿ, ಅವರು ಸೆರಗು ಸರಿ ಮಾಡಿಕೊಳ್ಳುವ ತನಕ ತಡೆಯಿರಿ. ಬೆಂಗಳೂರಿನ ಬಸ್ಸು ರಾತ್ರಿಗೆ. ಅದಕ್ಕೂ ಮೊದಲು ಪೇಟೆಯ ಯಾವುದಾದರೂ ಸ್ಟುಡಿಯೋಕ್ಕೆ ಹೋಗಿ ಹತ್ತೇ ಹತ್ತು ಪ್ರಿಂಟ್ ಹಾಕಿಸಿ. ಹಿಂದೆ ಹೆಸರು, ಊರು, ತಾರೀಖು ಬರೆದು, ಯಾರ ಮುಖವೋ ಅವರ ಕೈಗೇ ಕೊಟ್ಟು ಬಸ್ಸು ಹತ್ತಿರಿ. ಹೆಸರು ಗೊತ್ತಿಲ್ಲದಿದ್ದರೆ ಕೇಳಿ, ಹೇಳುತ್ತಾರೆ. ಪ್ರಿಂಟಿನ ಖರ್ಚು ನನ್ನದು.

ಇಂತಿ,
ಸಿಂಧನೂರಿನ ನಿಮ್ಮ ದೊಡ್ಡಪ್ಪ